ಟಾರು ರಸ್ತೆಯ ಮೇಲಿನ ಹುರುಳಿ

—ಹುರುಳಿಯೇ ಇರಬೇಕು. ಒಮ್ಮೊಮ್ಮೆ ರಾಗಿ ತೆನೆಯೂ ಕಣ್ಣಿಗೆ ಬರುತ್ತದೆ. ಈ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾವುದಾದರೇನು, ರಸ್ತೆಗೆ ಹರಡಿದವನು ನಾನು. ಮಂಜುಳಾ, ನಿನ್ನ ಸೈಕಲ್ಲಿನ ಬ್ರೇಕ್ ಸರಿಯಾಗಿತ್ತು. ಸರಿಯಿರಲಿಲ್ಲವೆಂದು ನಾನು ಸುಳ್ಳು ಹೇಳಿದೆ.

ನಾಲ್ಕನೆಯ ತರಗತಿಯವರೆಗೆ ನಾನೇ ನಿನ್ನ ಮೇಷ್ಟ್ರು. ನೀನು ಎಂಟಕ್ಕೆ ಬಂದ ವರ್ಷ ಸರ್ಕಾರದ ಸೈಕಲ್ ಸಿಕ್ಕಿತು. ನೀವು ನಮ್ಮೂರಿನ ಹುಡುಗಿಯರೆಲ್ಲ ನಾಲೆ ಪಕ್ಕದ ಟಾರು ರಸ್ತೆಯಲ್ಲಿ ಹುಲ್ಲಹಳ್ಳಿಯ ಹೈಸ್ಕೂಲಿಗೆ ಹೊರಟಿರಿ. ಸುಗ್ಗಿಯಲ್ಲಿ ಆ ರಸ್ತೆಯೇ ನಮ್ಮ ಕಣ. ಲಾರಿ, ಟ್ರ್ಯಾಕ್ಟರ್ ಹಾಯ್ದರೆ ಕಾಳು ಬಿಡುತ್ತದೆ. ಸುತ್ತ ದಪ್ಪ ಕಲ್ಲು ಜೋಡಿಸಿದರೆ ಕಾವಲೂ ಆಯಿತು. ಮಕ್ಕಳು ಶಾಲೆಗೆ ಹೋಗಿಬರುವ ಹೊತ್ತಿನಲ್ಲಿ ಯಾರೂ ಹರಡಬಾರದೆಂದು ಬರೆದು, ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿದವನೂ ನಾನೇ.

"ನಿಮ್ ಕಾಗ್ದದ್ ಮ್ಯಾಲೇ ಉಳ್ಳಿ ಬಡಿಯವಾ ಬನ್ನಿ ಸಾ," ಎಂದು ಪಕ್ಕದ ಹೊಲದ ಮಾದಪ್ಪ ನಕ್ಕಿದ್ದ. ಆದರೂ ಹೆಬ್ಬೆಟ್ಟು ಒತ್ತಿದ. ಮಾತಿನಂತೆ ನಡೆದುಕೊಂಡ ಕೂಡ.

ನಾನು— ಶಾಲೆ ಬಿಡುವ ಹೊತ್ತಾದರೂ ನನ್ನ ಹುರುಳಿ ರಸ್ತೆಯ ಮೇಲಿತ್ತು; ಇನ್ನೊಂದು ಕಬ್ಬಿನ ಲಾರಿ ಹಾಯ್ದುಬಿಡಲಿ, ಆಮೇಲೆ ಎತ್ತೋಣ ಎಂದುಕೊಂಡೆ. ಲಾರಿಗಿಂತ ಮೊದಲು ನೀನು ಬಂದೆ, ಒಬ್ಬಳೇ. ಚಕ್ರ ಜಾರಿತು. ನಾನು ಇಟ್ಟಿದ್ದ ಕಲ್ಲಿನ ಮೇಲೆ ನಿನ್ನ ಬಲ ಮೊಣಕೈ.

ದಾರಿಯಲ್ಲಿ ಬಂದ ಆಟೋ ನಿಲ್ಲಿಸಿ ನಿನ್ನನ್ನು ನಂಜನಗೂಡಿನ ಆಸ್ಪತ್ರೆಗೆ ಕಳಿಸಿದೆ. ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ. ಪೊರಕೆ ಹಿಡಿದೆ. ನಿಮ್ಮಪ್ಪ ಸಿದ್ದಯ್ಯ ಕೂಲಿ ಬಿಟ್ಟು ಓಡಿಬರುವಷ್ಟರಲ್ಲಿ ರಸ್ತೆ ಬರಿದಾಗಿತ್ತು. "ಬ್ರೇಕ್ ಹಿಡೀಲಿಲ್ಲ ಕಣಯ್ಯ, ನಾನೇ ನೋಡ್ದೆ," ಎಂದೆ.

ಮಾರನೆಯ ದಿನ ನಿಮ್ಮ ಮನೆಗೆ ಬಂದೆ. ನೀನು ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದೆ. "ರಸ್ತೇಲಿ ಉಳ್ಳಿ ಆಕಿದ್ರು ಕಣಪ್ಪ," ಎಂದು ನೀನು ಅಪ್ಪನಿಗೆ ಮೆಲ್ಲಗೆ ಹೇಳಿದೆ.

"ಯಾರವ್ವ ಆಕಾರು? ಆಕ್ಬ್ಯಾಡಿ ಅಂತ ಮೇಷ್ಟ್ರೇ ಎಲ್ರ ತಾವೂ ಬರುಸ್ಕಂಡವ್ರೆ. ಬ್ರೇಕಿಲ್ಲ ಅಂತ ಅವ್ರೇ ಏಳ್ತಾವ್ರೆ. ಅವ್ರು ಸುಳ್ಳೇಳಾರಾ?"

ನೀನು ನನ್ನನ್ನು ನೋಡಿದೆ. ನಾನು ನಿನ್ನ ಕೈಯ ಪಟ್ಟಿಯನ್ನು ನೋಡಿದೆ.

ಸಿದ್ದಯ್ಯ ಸೈಕಲ್ಲನ್ನು ಮತ್ತೆ ಹೊರತೆಗೆಯಲಿಲ್ಲ. ಅಷ್ಟು ದೂರ ಒಬ್ಬಳೇ ನಡೆಯುವುದು ಬೇಡವೆಂದು ಶಾಲೆಯನ್ನೂ ಬಿಡಿಸಿದ. ಒಂದೇ ಒಂದು ಮಾತು— ಹುರುಳಿ ನನ್ನದು ಎಂದಿದ್ದರೆ ಸಾಕಿತ್ತು. ಹೇಳಲು ದಿನಗಳಿದ್ದವು, ಆಮೇಲೆ ವರ್ಷಗಳಿದ್ದವು. ಸಿದ್ದಯ್ಯ ಈಗಿಲ್ಲ.

ನಿನ್ನನ್ನು ಮುಡುಕುತೊರೆಯ ಕಡೆಗೆ ಕೊಟ್ಟರೆಂದು ಕೇಳಿದೆ. ಎರಡು ಸಲ ಹೊರಟು, ಟಿ. ನರಸೀಪುರದಲ್ಲಿ ಇಳಿದು, ಅಲ್ಲಿಂದಲೇ ಹಿಂದಿರುಗಿದೆ. ಆ ದಿನ ನಿನಗೆ ಎಲ್ಲ ಗೊತ್ತಿದ್ದೂ ಅಪ್ಪನೆದುರು ನನ್ನ ಹೆಸರು ಎತ್ತಲಿಲ್ಲವೋ, ಅಥವಾ ಮೇಷ್ಟ್ರ ಮಾತನ್ನೇ ನಂಬಿ ನಿನ್ನ ಕಣ್ಣನ್ನೇ ಅನುಮಾನಿಸಿದೆಯೋ— ನನಗೆ ಗೊತ್ತಿಲ್ಲ. ನಿನ್ನ ಬಲಗೈ ಈಗ ಪೂರ್ತಿ ಮಡಿಸಲು ಬರುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ.