ಗಾಮಾ ಸಾಹೇಬರು ಹಡಗು ಕಟ್ಟಿದ ಮರ

ಸಮುದ್ರದಿಂದ ಬಲು ದೂರದ ಸವಣೂರಿಗೆ ನಾನು ಭೂಗೋಳದ ಮಾಸ್ತರನಾಗಿ ಹೋದಾಗ ನನ್ನ ಪ್ರತಿಸ್ಪರ್ಧಿ ಮೊದಲೇ ಅಲ್ಲಿದ್ದ: ಟಾಂಗಾ ಹೊಡೆಯುವವನು. ಊರಿನ ದೊಡ್ಡ ಹುಣಸೆಮರ ನೋಡಲು ಬಂದವರನ್ನೆಲ್ಲ ಅವನೇ ಕರೆದೊಯ್ಯುತ್ತಿದ್ದ. ಹೆಸರಷ್ಟೇ ಹುಣಸೆ; ಆಫ್ರಿಕದಿಂದ ಬಂದದ್ದೆನ್ನುವ ಆ ಮರದ ಬುಡ ಒಂದು ಕೋಣೆಯಷ್ಟು ದಪ್ಪ. ತೊಗಟೆಯ ಮೇಲಿನ ಒಂದು ಗೀರನ್ನು ಚಾಬೂಕಿನ ತುದಿಯಿಂದ ಮೆಲ್ಲಗೆ ಮುಟ್ಟಿ, "ವಾಸ್ಕೋ ಡ ಗಾಮಾ ಸಾಹೇಬ್ರು ಹಡಗ ಕಟ್ಟಿದ ಹಗ್ಗದ ಗುರ್ತರಿ ಇದು," ಎನ್ನುತ್ತಿದ್ದ. ಯಾರಾದರೂ ನಕ್ಕರೆ, "ಮೊದ್ಲ ಕಣ್ಣಿಲೆ ನೋಡ್ರಿ, ಆಮ್ಯಾಲ ಮಾತಾಡ್ರಿ!" ಎಂದು ಗದರುತ್ತಿದ್ದ.

ನನಗೂ ನಗು ಬರುತ್ತಿತ್ತು, ಪರೀಕ್ಷೆಯ ತನಕ. ಗಾಮಾ ಬಂದಿಳಿದದ್ದು ಕಲ್ಲಿಕೋಟೆಯಲ್ಲಿ ಎಂದು ನಾನು ಗಂಟಲು ಹರಿದುಕೊಂಡು ಕಲಿಸಿದ್ದರೂ ಇಡೀ ವರ್ಗ 'ಸವಣೂರು' ಎಂದು ಬರೆದಿತ್ತು. ಸಿಟ್ಟಿನಲ್ಲಿ ಟಾಂಗಾದವನ ಹತ್ತಿರ ಹೋದೆ.

"ನೀ ಸಮುದ್ರ ನೋಡೀಯೇನು?"

"ಇಲ್ರಿ ಮಾಸ್ತರ."

"ಹಂಗಾರ ಮೊದ್ಲ ಕಣ್ಣಿಲೆ ನೋಡು, ಆಮ್ಯಾಲ ಮಾತಾಡು," ಎಂದು ರಜೆಯಲ್ಲಿ ಅವನನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ.

ದಂಡೆಗೆ ಬಂದವನೇ ಅವನು ಕಣ್ಣರಳಿಸಿ ನಿಂತ. ಗೆದ್ದೆ ಅಂದುಕೊಂಡೆ. ಆದರೆ ಅವನ ಕಣ್ಣು ನೀರಿನ ಮೇಲಿರಲಿಲ್ಲ, ದಂಡೆಯ ತೆಂಗಿನ ಮರಗಳ ಮೇಲಿತ್ತು.

"ಈಗೇನಂತೀ?" ಎಂದೆ.

ಅವನು ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿ, ಬರಿಗೈಯನ್ನೇ ಚಾಬೂಕಿನಂತೆ ಚಾಚಿದ.

"ನೀರೇನೋ ಭಾಳ ಐತ್ರಿ. ಆದ್ರ ಈ ಸಣಕಲ ತೆಂಗಿಗೆ ಯಾರರ ಹಡಗ ಕಟ್ಟತಾರೇನ್ರಿ? ಪಾಪ, ಅದಕ್ಕ ಸಾಹೇಬ್ರು ನಮ್ಮೂರ ತನಕ ಬಂದಾರ."