ಜೋಡಿ ಸೀಟಿನ ಲಗ್ಜರಿ

ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದೆ, ಹಾಲು ಕಾಸಿದೆ, ಹನ್ನೆರಡು ರೊಟ್ಟಿ ಬಡಿದೆ, ಬದನಿಕಾಯಿ ಪಲ್ಯ ಡಬ್ಬಿಗೆ ತುಂಬಿದೆ. ಅವ್ವನ ಬೆನ್ನಿಗೆ ಎಣ್ಣೆ ಹಚ್ಚಿ ಸೊಂಟದ ಪಟ್ಟಿ ಬಿಗಿದೆ. ಅವಳ ಇಳಕಲ್ ಸೀರೆಯ ಮಡಿಕೆ ಬಿಡಿಸುವಷ್ಟರಲ್ಲಿ ಚಿಕ್ಕೋಡಿಯ ನಮ್ಮ ಓಣಿಗೆ ಬಿಸಿಲು ಬಂದಿತ್ತು.

ಹೋದ ವರ್ಷ ಬಚ್ಚಲದಲ್ಲಿ ಜಾರಿ ಬಿದ್ದಾಗಿನಿಂದ ಅವ್ವ ನೆಟ್ಟಗೆ ಬಹಳ ಹೊತ್ತು ಕೂಡಲಾರಳು. ಹೊಳೆಯಾಚೆ ಸತ್ತಿಯಲ್ಲಿರುವ ಅವಳಕ್ಕನೂ ಹಾಸಿಗೆ ಹಿಡಿದಿದ್ದಾಳೆ. ಒಮ್ಮೆ ಒಬ್ಬರ ಮಾರಿ ಒಬ್ಬರು ನೋಡಬೇಕಿತ್ತು ಅಂತ ಇಬ್ಬರೂ ದಿನಾ ಫೋನಿನಲ್ಲಿ ಅನ್ನುತ್ತಾರೆ. ಎರಡು ಸಲ ಬಸ್ಸು ಹತ್ತಿದ್ದೆವು. ಎರಡೂ ಸಲ ಬೆನ್ನು ತಾಳದೆ ಅಂಕಲಿಯಲ್ಲೇ ಇಳಿದು ತಿರುಗಿ ಬಂದೆವು.

ಮೊನ್ನೆ ಅಥಣಿಯಿಂದ ಕಾಕಾನ ಮಗ ಫೋನ್ ಮಾಡಿದ. ದ್ರಾಕ್ಷಿ ತೋಟದವನು. "ದೊಡ್ಡವ್ವ, ಲಗ್ಜರಿ ಗಾಡಿ ತಗೊಂಡೇನಿ. ರವಿವಾರ ನಿನ್ನ ಸತ್ತಿಗೆ ಕರಕೊಂಡ ಹೋಗ್ತೀನಿ."

ಅವ್ವನಿಗೆ ಲಗ್ಜರಿ ಅಂದರೆ ಬಸ್ಸು. ನಿಪ್ಪಾಣಿ ಹೈವೇದಲ್ಲಿ ಪುಣೆ ಕಡೆ ಹೋಗುವ, ಸೀಟು ಹಿಂದಕ್ಕೆ ಒರಗುವ ಬಸ್ಸು. ಹರೆಯದಲ್ಲಿ ಅವಳು ನಿಪ್ಪಾಣಿಯ ತಂಬಾಕು ತುಂಬಿಡುವ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಕರೆಯಲು ಬಂದ ಅಪ್ಪನೂ ಅವಳೂ ರಸ್ತೆ ದಾಟಲು ನಿಂತು ಆ ಬಸ್ಸುಗಳನ್ನು ನೋಡುತ್ತಿದ್ದರಂತೆ. "ಒಂದಿನ ಜೋಡಿ ಸೀಟ ತಗಸ್ತೀನಿ, ಕಿಡಕಿ ನಿನಗ" ಅನ್ನುತ್ತಿದ್ದನಂತೆ ಅಪ್ಪ. ತಗಸಲಿಲ್ಲ. ಅವನು ಹೋಗಿ ಒಂಬತ್ತು ವರ್ಷವಾಯಿತು.

ಹಿಂಗಾಗಿ ಅವ್ವ ಇವತ್ತು ಲಿಂಬೆಹಣ್ಣು, ವಾಂತಿಗೊಂದು ಕ್ಯಾರಿಬ್ಯಾಗ್ ಹಿಡಿದು ಬಾಗಿಲಿಗೆ ಬಂದಳು.

"ಇದೇನೋ, ಕಾರ ತಂದೀಯಲ್ಲ. ಲಗ್ಜರಿ ಎಲ್ಲಿ ನಿಂದ್ರಿಸೀದಿ?"

"ಇದ ಲಗ್ಜರಿ, ದೊಡ್ಡವ್ವ. ಮ್ಯಾಲ ಛತ್ತ ತೆರೀತೈತಿ, ಸೀಟ ತಣ್ಣಗಾಗತೈತಿ, ಬಾಯಿಲೆ ಹೇಳಿದ್ರ ಹಾಡ ಹಚ್ಚತೈತಿ."

"ಸೀಟ ಒರಗತೈತೇನು?"

"ಮುಂದಿಂದ ಒರಗತೈತಿ. ಹಿಂದಿಂದ ಇಲ್ಲ."

"ಮತ್ತ ಜೋಡಿಲೆ ಹೆಂಗ ಒರಗೂದು?"

ಅವನು ನನ್ನ ಮುಖ ನೋಡಿದ. ನಾನು ಮುಂದಿನ ಬಾಗಿಲು ತೆರೆದೆ. ಅವ್ವನನ್ನು ಎತ್ತಿ ಮುಂದೆ ಕೂಡಿಸಿದೆವು. ಹೊಸ ಸೀಟಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಅವಳು ಸರ್ರನೆ ಮುಂದಕ್ಕೆ ಜಾರಿದಳು.

"ಹರದ ಒಗಿ ಇದನ್ನ. ನಿನ್ನ ಸೀಟ ಹೊಸಾದ ಉಳೀಲಿ ಅಂತ ನಾ ಮತ್ತೊಮ್ಮೆ ಬೀಳ್ಲೇನು?"

ಮನಸ್ಸಿಲ್ಲದ ಮನಸ್ಸಿನಿಂದ ಹರಿದ. ಗುಂಡಿ ಒತ್ತಿದ. ಸೀಟು ಮೆಲ್ಲಗೆ ಹಿಂದಕ್ಕೆ ಒರಗಿತು. ಅವ್ವ ಕಣ್ಣು ಮುಚ್ಚಿದಳು.

ಹಿಂದೆ ಕೂತ ನಾನು ಅವಳ ನರಳಿಕೆಗೆ ಕಿವಿ ಕೊಟ್ಟೇ ಬಂದೆ. ಅಂಕಲಿಯ ಬಸ್ ಸ್ಟ್ಯಾಂಡೂ ದಾಟಿತು. ಅವ್ವ ನರಳಲಿಲ್ಲ.

"ಹೊಳಿ ಬಂತೇನು?" ಅಂದಳು. ಒರಗಿದವಳಿಗೆ ಕರೆಂಟಿನ ತಂತಿ, ಆಕಾಶ ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಎಬ್ಬಸು ಸೀಟ."

"ಬೆನ್ನ ಬ್ಯಾನಿ ಆಗತೈತಿ, ಅವ್ವ," ಅಂದೆ.

"ಆಗಲಿ. ಗಾಜ ಇಳಸು. ಕಿಡಕಿ ನಂದೈತಿ."

ಸೇತುವೆ ಮುಗಿಯುವ ತನಕ ನೆಟ್ಟಗೆ ಕೂತೇ ಇದ್ದಳು. ಗಾಳಿಗೆ ಸೆರಗು ಹಾರಿ ಸ್ಟೇರಿಂಗ್ ಹಿಡಿದವನ ತೋಳಿಗೆ ತಾಗುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಸತ್ತಿಯಲ್ಲಿ ನನ್ನ ರೊಟ್ಟಿ, ಬದನಿಕಾಯಿ ಪಲ್ಯ, ಅವರ ಮನೆಯ ಗಟ್ಟಿ ಮೊಸರು ಉಂಡೆವು. ಮಧ್ಯಾಹ್ನ ಅಕ್ಕತಂಗಿಯರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದೆ, ಅವ್ವನನ್ನು ಕಿಟಕಿಯ ಬದಿಗೆ. ಮೊದಲು ನಿದ್ದೆ ಹತ್ತಿದ್ದು ಅವ್ವನಿಗೆ. ಅವಳಕ್ಕ ಇನ್ನೂ ಮಾತಾಡುತ್ತಲೇ ಇದ್ದಳು.