ಗೋಡೆಯಾಚೆಯ ಕಾಕಾ

ಬೀದರಿನಲ್ಲಿ ನಮ್ಮ ಬಾಡಿಗೆ ಮನೆಗೂ ಮಕ್ಕಳು ಕಾಕಾ ಎನ್ನುತ್ತಿದ್ದ ಪಕ್ಕದವರ ಕೋಣೆಗೂ ಒಂದೇ ಗೋಡೆ. ಅವರು ಊರಂಚಿನ ಕೊಳಾರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಭಾನುವಾರ ಬಂತೆಂದರೆ ನನ್ನ ಇಬ್ಬರು ಮಕ್ಕಳು ಡಬ್ಬಿ, ತಾಟು ಬಡಿಯುತ್ತ, ತಾವೇ ಕಟ್ಟಿದ ಹಾಡನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಕಾಕಾ ಎದ್ದು ಬಂದು, ನಮ್ಮ ಬಾಗಿಲಿಗೆ ಭುಜ ಆನಿಸಿ, ಕಣ್ಣೊತ್ತಿಕೊಳ್ಳುತ್ತ ಕೇಳುವುದು ಒಂದೇ ಮಾತು: "ಮುಗೀತೇನ್ರೆಪ್ಪಾ ಹಾಡ?"

ಬೈದದ್ದಿಲ್ಲ. ವಾರವಿಡೀ ಕೆಲಸಕ್ಕೆ ಬಸ್ಸಿನಲ್ಲಿ ಔರಾದಿಗೆ ಓಡಾಡಿ ಬರುವ ನನಗೂ ಮಕ್ಕಳನ್ನು ಗದರುವ ತ್ರಾಣ ಇರುತ್ತಿರಲಿಲ್ಲ.

ಒಮ್ಮೆ ಮಗಳು, "ಇನ್ನ ಒಂದೇ ಸಲ ರೀ ಕಾಕಾ, ನೀವೂ ಬಾರಸ್ರಿ," ಎಂದು ತೊಗರಿಬೇಳೆಯ ಡಬ್ಬಿಯೊಂದನ್ನು ಅವರ ಕೈಗೆ ಕೊಟ್ಟಳು. ಗೋಡೆಗೊರಗಿ ಕೂತು ನಾಲ್ಕು ಸಲ ಅಲ್ಲಾಡಿಸಿದರು. ಆಮೇಲೆ ಡಬ್ಬಿ ಮಡಿಲಿಗೆ ಜಾರಿತು. ನಿದ್ದೆ ಹತ್ತಿತ್ತು.

ಮಕ್ಕಳು ಹಾಡು ನಿಲ್ಲಿಸಿದರು. ನಾನು ರೆಕಾರ್ಡಿಂಗ್ ನಿಲ್ಲಿಸಲು ಫೋನಿಗೆ ಕೈ ಚಾಚಿದರೆ ಮಗಳು ತಡೆದಳು. "ಬಂದ್ ಮಾಡಬ್ಯಾಡ ಅವ್ವಾ, ಟಿಣ್ ಅಂತದ. ಕಾಕಾ ಏಳ್ತಾರ."

ಕಾಕಾ ಆ ಕೋಣೆ ಬಿಟ್ಟು ಹೋಗಿ ಬಹಳ ದಿನವಾಯಿತು. ಆ ರೆಕಾರ್ಡಿಂಗ್ ಇನ್ನೂ ಇದೆ. ಮೊದಲು ಒಂದು ನಿಮಿಷ ಮಕ್ಕಳ ಹಾಡು, ಆಮೇಲೆ ಎರಡು ತಾಸು ಅವರ ಗೊರಕೆ. ಕೊನೆಗೆ ಬೇಳೆ ಡಬ್ಬಿ ಉರುಳಿದ ಸದ್ದು, ಗಾಬರಿಯಾದ ದನಿ: "ಮುಗೀತೇನ್ರೆಪ್ಪಾ ಹಾಡ?"